ಮೊಣಕಾಲಿಗೊಂದು ಪಾಠ

ಇಪ್ಪತ್ತು ವರ್ಷಗಳಿಂದ ನಾನು ಜಮಖಂಡಿಯಲ್ಲಿ ಪದವಿ ತರಗತಿಗಳಿಗೆ ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುತ್ತ ಬಂದಿದ್ದೇನೆ. ಹತ್ತನೆಯ ಶತಮಾನದ ಆ ಕವಿ ನಮ್ಮ ನೆರೆಯ ಮುಧೋಳದವನು, ಬಳೆಗಾರರ ಮನೆತನದವನು. ಆದುದರಿಂದ ಅವನ ಕಾವ್ಯವನ್ನು ಹೇಳುವಾಗ ನಮಗೆ ಮನೆಯ ಹಿರಿಯನೊಬ್ಬನ ಮಾತನ್ನು ಹೇಳಿದಂತೆ ಒಂದು ಸ್ವಂತದ ಅಭಿಮಾನ ಸೇರಿಕೊಳ್ಳುತ್ತದೆ. ಭೀಮನ ಗದೆ ದುರ್ಯೋಧನನ ತೊಡೆಯ ಮೇಲೆ ಬೀಳುವ ಪ್ರಸಂಗಕ್ಕೆ ಬಂದಾಗ, ಹಿಂದಿನ ಬೆಂಚಿನ ಹುಡುಗರೂ ಮಾತು ನಿಲ್ಲಿಸುತ್ತಾರೆ. ಊರುಭಂಗವೆಂಬ ಶಬ್ದವನ್ನು ಬಿಡಿಸಿ, ಕವಿಯ ಸಿಂಹಾವಲೋಕನ ಕ್ರಮವನ್ನು ವಿವರಿಸಿ, ವೀರ ರೌದ್ರಗಳು ಕರುಣಕ್ಕೆ ತಿರುಗುವ ಬಗೆಯನ್ನು ತೋರಿಸಿ ನಾನು ತೃಪ್ತನಾಗಿ ಹೊರಗೆ ಬರುತ್ತಿದ್ದೆ. ಆದರೆ ಆ ತೊಡೆಯ ಎಲುಬು ಕಾಲಿನ ಎಲುಬಿನ ಮೇಲೆ ಹೇಗೆ ಕುಳಿತಿದೆ, ಅದು ನೆಟ್ಟಗಾಗುವುದು ಯಾವುದರಿಂದ, ಮಡಿಯುವುದು ಯಾವುದರಿಂದ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ಕಳೆದ ವರ್ಷ ನನ್ನ ತಾಯಿಯ ಬಲಗಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಅಜ್ಞಾನದ ಬೆಲೆ ಎಷ್ಟೆಂಬುದು ತಿಳಿಯಿತು. ಬೆಲೆಯನ್ನು ತೆತ್ತವನು ನಾನಲ್ಲ, ಅವಳು.

ನಮ್ಮ ಮನೆ ಬನಹಟ್ಟಿಯಲ್ಲಿದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಕಿವಿಗೆ ಬೀಳದೆ ನಡೆಯುವುದು ಇಂದಿಗೂ ಕಷ್ಟ. ಈಗ ಆ ಸಪ್ಪಳ ಬಹುಮಟ್ಟಿಗೆ ವಿದ್ಯುತ್ ಮಗ್ಗಗಳದು. ನನ್ನ ಬಾಲ್ಯದಲ್ಲಿ ನಮ್ಮ ಪಡಸಾಲೆಯಲ್ಲಿದ್ದುದು ಕುಣಿಮಗ್ಗ. ತಂದೆ ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ ಲಾಳಿ ಹೊಡೆಯುತ್ತಿದ್ದರು. ಅವ್ವ ಎದುರಿಗೆ ನೆಲದ ಮೇಲೆ, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ, ರಾಟೆ ತಿರುವಿ ಕಂಡಿಕೆ ಸುತ್ತುತ್ತಿದ್ದಳು. ಸೀರೆಯೊಂದರ ಹಾಸುಹೊಕ್ಕಿನಲ್ಲಿ ನೇಯ್ದವನ ಕೈ ಕಾಣುತ್ತದೆ. ಕಂಡಿಕೆ ಸುತ್ತಿದವಳ ಮೊಣಕಾಲು ಕಾಣುವುದಿಲ್ಲ. ಸುಮಾರು ನಾಲ್ವತ್ತು ವರ್ಷ ಹಾಗೆ ಮಡಿಸಿದ ಕಾಲು ಅರವತ್ತೈದರ ಸುಮಾರಿಗೆ ಒಳಗಡೆ ಬಾಗಿತು, ರಾತ್ರಿಯೆಲ್ಲ ಸಿಡಿಯತೊಡಗಿತು. ಸಂದಿನ ಸವಕಳಿ ನೇಕಾರರಿಗೆ ಮಾತ್ರ ಬರುವ ಬೇನೆಯಲ್ಲ. ವಯಸ್ಸು, ಮೈಭಾರ, ವಂಶ, ಹಳೆಯ ಪೆಟ್ಟು, ಎಲ್ಲವೂ ಅದಕ್ಕೆ ಕಾರಣಗಳೆಂದು ವೈದ್ಯರು ಹೇಳುತ್ತಾರೆ. ಆದರೂ ನಮ್ಮ ಓಣಿಯಲ್ಲಿ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತ ಹೆಂಗಸರು ಏಳುವ ರೀತಿಯನ್ನು, ಮೊದಲು ಎರಡೂ ಕೈ ಊರಿ, ಆಮೇಲೆ ಗೋಡೆ ಹಿಡಿದು, ಆಮೇಲೆ ಶಿವನ ಹೆಸರು ಹೇಳಿ ಏಳುವುದನ್ನು ನೋಡಿದವರಿಗೆ, ಆ ಕಾರಣಗಳ ಪಟ್ಟಿಯಲ್ಲಿ ರಾಟೆಯನ್ನೂ ಸೇರಿಸಬೇಕೆನಿಸುವುದು ಸಹಜ.

ಶಸ್ತ್ರಚಿಕಿತ್ಸೆಯ ಹೆಸರೇ ಮೊದಲ ತೊಡಕಾಯಿತು. ‘ಮೊಣಕಾಲು ಬದಲಾವಣೆ’ ಎಂದು ನಾವು ಹೇಳಿಬಿಡುತ್ತೇವೆ. ಕಾಲನ್ನು ಅಲ್ಲಿಗೆ ತುಂಡರಿಸಿ, ಹಳೆಯ ಮೊಣಕಾಲನ್ನು ತೆಗೆದು, ಕಬ್ಬಿಣದ್ದೊಂದನ್ನು ಇಟ್ಟು ಹೊಲಿಯುತ್ತಾರೆಂದು ಅವ್ವ ಎಣಿಸಿದ್ದಳು. ನಾಲ್ಕು ವರ್ಷ ಅವಳು ಒಪ್ಪದಿದ್ದುದಕ್ಕೆ ಮುಖ್ಯ ಕಾರಣ ನೋವಿನ ಅಂಜಿಕೆಯಲ್ಲ, ಈ ಶಬ್ದ. ನಿಜವಾಗಿ ಆಗುವುದು ಬೇರೆ. ತೊಡೆಯ ಎಲುಬಿನ ತುದಿಯಲ್ಲೂ ಕಾಲೆಲುಬಿನ ತಲೆಯಲ್ಲೂ ಸವೆದ ಮೈಯನ್ನು ಕೆಲವೇ ಮಿಲಿಮೀಟರುಗಳಷ್ಟು ಕೊರೆದು, ಮೇಲಿನದಕ್ಕೆ ಲೋಹದ ಕವಚವನ್ನೂ ಕೆಳಗಿನದಕ್ಕೆ ಲೋಹದ ತಟ್ಟೆಯನ್ನೂ ಕೂಡಿಸಿ, ನಡುವೆ ಗಟ್ಟಿಯಾದ ಪಾಲಿಥಿನ್‌ನ ಒಂದು ಪದರನ್ನು ಇಡುತ್ತಾರೆ. ಸವೆದ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸಿದ ಹಾಗೆ. ಈ ಒಂದು ಉಪಮೆಯನ್ನು ಮೊದಲೇ ಹೇಳಿದ್ದರೆ ನಾಲ್ಕು ವರ್ಷದ ನಿದ್ದೆ ಉಳಿಯುತ್ತಿತ್ತು. ಉಪಮಾಲಂಕಾರವನ್ನು ಲಕ್ಷಣಸಹಿತ ಬೋಧಿಸುವ ನನಗೇ ಅದು ಹೊಳೆದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಈ ವಿದ್ಯೆಯ ಚರಿತ್ರೆ ದೊಡ್ಡದೇನೂ ಅಲ್ಲ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯ ಟೊಂಕದ ಕೀಲಿಗೆ ಲೋಹದ ಗುಂಡು ಮತ್ತು ಟೆಫ್ಲಾನ್ ಬಟ್ಟಲನ್ನು ಜೋಡಿಸಿ ನೋಡಿದ. ಆ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು ಸುತ್ತಲಿನ ಮಾಂಸವನ್ನೆಲ್ಲ ಕೆಡಿಸಿದವು. ಆತ ಎದೆಗುಂದದೆ 1962ರಲ್ಲಿ ಪಾಲಿಥಿನ್ ಬಟ್ಟಲನ್ನು ತಂದ. ಆ ವಸ್ತುಗಳು ಮೈಗೆ ಒಗ್ಗುವವೋ ಇಲ್ಲವೋ ಎಂದು ನೋಡಲು ತನ್ನ ತೊಡೆಯೊಳಗೇ ಅವುಗಳನ್ನು ಸೇರಿಸಿಕೊಂಡಿದ್ದನಂತೆ! ತೊಡೆಯನ್ನು ಪಣಕ್ಕಿಟ್ಟವರು ಗದಾಯುದ್ಧದಲ್ಲಿ ಮಾತ್ರವೇ ಇಲ್ಲ. ಮೊಣಕಾಲಿನ ಈಗಿನ ಮಾದರಿಗಳು ರೂಪುಗೊಂಡದ್ದು 1970ರ ದಶಕದಲ್ಲಿ. ನಮ್ಮ ದೇಶದಲ್ಲಿ ಬಹುಕಾಲ ಇದು ಸಿರಿವಂತರ ಚಿಕಿತ್ಸೆಯಾಗಿತ್ತು. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮೊಣಕಾಲುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತುಮಾಡಿದ ಬೆಲೆ ತೆರಿಗೆಯನ್ನು ಬಿಟ್ಟು 54,720 ರೂಪಾಯಿ. ಅದಕ್ಕೆ ಮುಂಚೆ ಅದೇ ಕೀಲು ಸರಾಸರಿ ಒಂದೂವರೆ ಲಕ್ಷವನ್ನು ಮೀರಿತ್ತು. ಒಳ್ಳೆಯ ಕೆಲಸವಾಯಿತು. ಲೋಹ ಅಗ್ಗವಾಯಿತು. ಆದರೆ ಲೋಹದ ಜೊತೆಗೆ ರೋಗಿಯ ಮನೆಗೆ ಹೋಗಬೇಕಾದ ಇನ್ನೊಂದು ವಸ್ತುವಿದೆ, ತಿಳಿವಳಿಕೆ. ಅದಕ್ಕೆ ಬೆಲೆಯೂ ಇಲ್ಲ, ಮಿತಿಯೂ ಇಲ್ಲ, ಬಿಲ್ಲಿನಲ್ಲಿ ಸಾಲೂ ಇಲ್ಲ. ಆದುದರಿಂದಲೇ ಅದನ್ನು ಒದಗಿಸುವವರೂ ಕಡಿಮೆ.

ನಮ್ಮ ಹಿರಿಯರು ದೊಡ್ಡ ಬೇನೆಗೆ ಮಿರಜಕ್ಕೆ ಹೋಗುತ್ತಿದ್ದರು. ಜಮಖಂಡಿಯೂ ಮಿರಜವೂ ಒಂದೇ ಪಟವರ್ಧನ ಮನೆತನದ ಸಂಸ್ಥಾನಗಳು. 1948ರಲ್ಲಿ ಸಂಸ್ಥಾನಗಳು ಮುಗಿದರೂ, 1956ರಲ್ಲಿ ನಡುವೆ ರಾಜ್ಯದ ಗಡಿ ಬಂದರೂ, ಕುಡಚಿಯಲ್ಲಿ ರೈಲು ಹತ್ತಿ ವಾನ್ಲೆಸ್ ಸಾಹೇಬರ ಮಿಶನ್ ಆಸ್ಪತ್ರೆಗೆ ಹೋಗುವ ರೂಢಿ ಮುಗಿಯಲಿಲ್ಲ. ಆ ಕಾಲದಲ್ಲಿ ಎಲುಬಿನ ಬೇನೆಯೆಂದು ಹೋದವರು ವಾರಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಸಂಗಡ ಹೋದವರು ಆಸ್ಪತ್ರೆಯ ಆವರಣದಲ್ಲಿಯೇ ಒಲೆ ಹೂಡಿ ರೊಟ್ಟಿ ಬಡಿಯುತ್ತ, ದಾದಿಯರು ಮಾಡುವುದನ್ನು ದಿನವೂ ನೋಡಿ ನೋಡಿ ಕಲಿಯುತ್ತಿದ್ದರು. ಈಗ ಬೆಳಗಾವಿ, ಹುಬ್ಬಳ್ಳಿ, ಬಾಗಲಕೋಟೆಗಳಲ್ಲಿಯೂ ದೊಡ್ಡ ಆಸ್ಪತ್ರೆಗಳಿವೆ. ಚಿಕಿತ್ಸೆಯ ಕ್ರಮ ಎಷ್ಟು ಸುಧಾರಿಸಿದೆಯೆಂದರೆ ಮೊಣಕಾಲಿನ ರೋಗಿಯನ್ನು ಅಂದೇ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಮೂರು ನಾಲ್ಕು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಇದು ರೋಗಿಗೆ ಒಳ್ಳೆಯದೇ. ಆದರೆ ನೋಡಿ ಕಲಿಯುವ ಆ ಎರಡು ಮೂರು ವಾರಗಳು ಎಲ್ಲಿಗೆ ಹೋದವು? ಅವು ಆಸ್ಪತ್ರೆಯಿಂದ ನಮ್ಮ ಪಡಸಾಲೆಗೆ ಬಂದಿವೆ, ಕಲಿಸುವವರು ಮಾತ್ರ ಜೊತೆಗೆ ಬಂದಿಲ್ಲ.

ನಾವು ಹೋದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ವೈದ್ಯರು ಕುಶಲರು, ಹೊಲಿಗೆ ಹೂವಿನಂತೆ ಮಾಗಿತು. ಬಿಡುಗಡೆಯ ದಿನ ಇಂಗ್ಲಿಷಿನ ನಾಲ್ಕು ಪುಟದ ಕಾಗದ ಕೈಗೆ ಬಂತು, ಮೊಬೈಲಿಗೆ ಮೂರು ವಿಡಿಯೋಗಳೂ ಬಂದವು. ಗಡಿಬಿಡಿಯಲ್ಲಿ ನಾನು ಕಾಗದದ ಔಷಧಿಯ ಭಾಗವನ್ನಷ್ಟೇ ಓದಿದೆ. ಮನೆಗೆ ಬಂದ ಮೊದಲ ರಾತ್ರಿ ಅವ್ವ ನರಳಿದಳು. ಕಾಲು ನೆಟ್ಟಗೆ ಚಾಚಿದರೆ ನೋವು, ತುಸು ಮಡಿಸಿದರೆ ಹಾಯಿ. ನಾನು ಎದ್ದು ಹೋಗಿ ಮೆತ್ತನೆಯ ತಲೆದಿಂಬೊಂದನ್ನು ತಂದು ಅವಳ ಮೊಣಕಾಲಿನ ಕೆಳಗೆ ಇಟ್ಟೆ. ಅವಳಿಗೆ ನಿದ್ದೆ ಬಂತು. ನನಗೆ ಮಾತೃಸೇವೆಯ ಸಂತೋಷವಾಯಿತು. ಮರುದಿನವೂ ಇಟ್ಟೆ, ಅದರ ಮರುದಿನವೂ ಇಟ್ಟೆ. ಹತ್ತೊಂಬತ್ತು ರಾತ್ರಿ ಇಟ್ಟೆ.

ಕಾಲು ಬಲ್ಲವರು ಇಷ್ಟು ಓದುವಷ್ಟರಲ್ಲಿ ಹುಬ್ಬು ಗಂಟಿಕ್ಕಿರಬಹುದು. ಹೊಸ ಕೀಲು ಕೂಡಿಸಿದ ಮೊಣಕಾಲಿನ ಕೆಳಗೆ ದಿಂಬನ್ನು ಇಡಲೇಬಾರದು. ಮಾಗುತ್ತಿರುವ ಮಾಂಸ, ನರ, ಪೊರೆಗಳು ಕಾಲು ಯಾವ ಭಂಗಿಯಲ್ಲಿರುವುದೋ ಆ ಭಂಗಿಗೇ ಬಿಗಿಯುತ್ತವೆ. ಮಡಿಸಿದ ಕಾಲು ಮಡಿಸಿಯೇ ಉಳಿಯುತ್ತದೆ. ಮುಂದೆ ನೆಟ್ಟಗಾಗದು, ನಡೆಯುವಾಗ ಕುಂಟು ಬರುತ್ತದೆ. ದಿಂಬನ್ನಾಗಲಿ ಸುತ್ತಿದ ಟವೆಲನ್ನಾಗಲಿ ಇಡುವುದಾದರೆ ಹಿಂಬಡದ ಕೆಳಗೆ ಇಡಬೇಕು, ಮೊಣಕಾಲು ತನ್ನ ಭಾರದಿಂದ ತಾನೇ ಕೆಳಗಿಳಿದು ನೆಟ್ಟಗಾಗಬೇಕು. ಆ ಕಾಗದದ ಮೂರನೆಯ ಪುಟದಲ್ಲಿ ಈ ಮಾತು ಇತ್ತು. ಆಮೇಲೆ ಹುಡುಕಿದಾಗ ಕಂಡಿತು. ಎಂ.ಎ. ಪದವೀಧರನಿಗೆ ಇಂಗ್ಲಿಷ್ ಬಾರದೆಂದಲ್ಲ, ಅದು ಅವನ ಕಣ್ಣಿಗೆ ಬೀಳಲಿಲ್ಲ. ಹಾಗಾದರೆ ಅಕ್ಷರವೇ ಇಲ್ಲದ ಮನೆಗಳ ಗತಿಯೇನು?

ಇನ್ನು ಆ ವಿಡಿಯೋಗಳ ಸಂಗತಿ. ಅವು ಕನ್ನಡದಲ್ಲಿದ್ದವು, ಅಥವಾ ಕನ್ನಡ ಲಿಪಿಯಲ್ಲಿದ್ದವು ಎಂದರೆ ಹೆಚ್ಚು ಸರಿ. ಇಂಗ್ಲಿಷಿನಲ್ಲಿ ಬರೆದುದನ್ನು ಯಂತ್ರವೋ ಯಂತ್ರದಂಥ ಮನುಷ್ಯನೋ ತಿರುವಿಹಾಕಿದ ವಾಕ್ಯಗಳು. ಓದಿದ ದನಿ ತೆಂಕಣದ್ದು. “ಮಂಡಿಯನ್ನು ತೊಂಬತ್ತು ಡಿಗ್ರಿಗೆ ಬಾಗಿಸಿ” ಎಂದು ಅದು ಹೇಳಿದಾಗ ಅವ್ವ, “ಮಂಡಿ ಅಂದ್ರ ಮಹಾಲಿಂಗಪುರದ ಬೆಲ್ಲದ ಮಂಡಿ ಏನಪಾ?” ಎಂದು ನಕ್ಕಳು. ಅವಳಿಗೆ ಅರ್ಥವಾಗಿರಲಿಲ್ಲವೆಂದಲ್ಲ, ತನ್ನೊಡನೆ ಮಾತಾಡುತ್ತಿಲ್ಲವೆಂದು ಅರ್ಥವಾಗಿತ್ತು. ಮೂರು ನಿಮಿಷದ ಆ ಚಿತ್ರ ಮುಗಿದೊಡನೆ, ನಾವು ಕೇಳದೆಯೇ, ಇನ್ನೊಂದು ತಾನಾಗಿ ಓಡತೊಡಗಿತು. ಅದರಲ್ಲಿ ಒಬ್ಬ ಗಡ್ಡದ ಮಹಾಶಯ ಶಸ್ತ್ರಚಿಕಿತ್ಸೆಯೆಲ್ಲ ಮೋಸ, ಇಂಥ ಬೇರನ್ನು ಅರೆದು ಎಳ್ಳೆಣ್ಣೆಯಲ್ಲಿ ಕಾಸಿ ತಿಕ್ಕಿದರೆ ಏಳು ದಿನದಲ್ಲಿ ಓಡಬಹುದು ಎಂದು ಅಪ್ಪಟ ಜವಾರಿ ಕನ್ನಡದಲ್ಲಿ ಹೇಳುತ್ತಿದ್ದ. ಎಂಥ ಸೊಗಸಾದ ಭಾಷೆ! ಒಂದು ಶಬ್ದವೂ ತಡವರಿಸಲಿಲ್ಲ. ಅವ್ವ ಅದನ್ನು ಎರಡು ಸಲ ನೋಡಿದಳು. ಸತ್ಯವು ತೊದಲುತ್ತಿರುವಾಗ ಸುಳ್ಳು ಇಷ್ಟು ಸ್ಪಷ್ಟವಾಗಿ ಮಾತಾಡಿದರೆ ಜನ ಯಾವುದನ್ನು ನಂಬಬೇಕು? ಇನ್ನೂ ಮಾಗದ ಹೊಲಿಗೆಯ ಮೇಲೆ ಎಣ್ಣೆ ತಿಕ್ಕಿ ಕೀವು ಮಾಡಿಕೊಂಡವರ ಸುದ್ದಿಯನ್ನು ನಮ್ಮ ಕಡೆ ಕೇಳದವರಿಲ್ಲ.

ಹತ್ತೊಂಬತ್ತನೆಯ ದಿನ ಅವ್ವನ ಕಾಲು ಚಾಚಿ ಮಲಗಿಸಿದರೆ ಮೊಣಕಾಲಿಗೂ ಹಾಸಿಗೆಗೂ ನಡುವೆ ನನ್ನ ಮುಷ್ಟಿ ತೂರುವಷ್ಟು ಸಂದು ಉಳಿದಿತ್ತು. ಹಳೆಯ ವಿದ್ಯಾರ್ಥಿಯೊಬ್ಬನ ತಂಗಿ ಧಾರವಾಡದಲ್ಲಿ ಫಿಜಿಯೋಥೆರಪಿಯ ಕೆಲಸದಲ್ಲಿದ್ದಾಳೆಂದು ತಿಳಿದು, ಸಂಕೋಚದಿಂದಲೇ ಫೋನು ಮಾಡಿದೆ. ಆಕೆ ಔಷಧಿಯ ಪಟ್ಟಿಯನ್ನು ಕೇಳಲಿಲ್ಲ, ಎಕ್ಸ್-ರೇ ಕೇಳಲಿಲ್ಲ. “ಸರ್, ಫೋನಿನ ಕ್ಯಾಮೆರಾ ಚಾಲೂ ಮಾಡಿ, ಅವ್ವಾರು ಮಲಗಿದ್ದು ಹೆಂಗ ಅದ ಹಂಗ ತೋರಸ್ರಿ” ಎಂದಳು. ತೋರಿಸಿದೆ. ಒಂದು ಕ್ಷಣ ಮೌನ. ಆಮೇಲೆ ದನಿ ಏರಿಸದೆ, “ಅವ್ವಾರ, ಆ ತಲೆದಿಂಬು ಯಾರು ಇಟ್ಟಾರ್ರಿ?” ಎಂದು ಕೇಳಿದಳು. ಅವ್ವ ಹೆಮ್ಮೆಯಿಂದ, “ನನ್ನ ಮಗಾ” ಎಂದಳು.

ಆ ಹುಡುಗಿ ನೂರು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದ್ದಳು. ಆದರೂ ಒಂದೇ ಮನೆಯಲ್ಲಿದ್ದ ನಾನು ಹತ್ತೊಂಬತ್ತು ದಿನ ಕಾಣದ್ದು ಅವಳಿಗೆ ಒಂದು ನೋಟದಲ್ಲಿ ಕಂಡಿತು. ದಿನಕ್ಕೆ ಹದಿನೈದು ನಿಮಿಷದಂತೆ ಏಳು ವಾರ ಆಕೆ ಅವ್ವನ ಕಾಲನ್ನು ನೋಡಿದಳು. ಅವಳ ಭಾಷೆಯನ್ನು ನಾನು ಬದಿಯಲ್ಲಿ ಕುಳಿತು ಕೇಳುತ್ತಿದ್ದೆ. ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸುವುದು ರಕ್ತ ಹೆಪ್ಪುಗಟ್ಟದಿರಲು ಬೇಕಾದ ವ್ಯಾಯಾಮ. “ಮಗ್ಗದ ಹಲಗಿ ತುಳಿದಂಗ ತುಳೀರಿ ಅವ್ವಾರ” ಎಂದಳು, ಅದು ಮತ್ತೆ ಹೇಳಬೇಕಾಗಲಿಲ್ಲ. ಮೊಣಕಾಲನ್ನು ಕೆಳಗೆ ಒತ್ತಿ ತೊಡೆಯನ್ನು ಬಿಗಿಮಾಡುವುದಕ್ಕೆ, “ಹಾಸಿಗಿಯೊಳಗ ಒಂದು ಇರಿವಿ ಸಿಕ್ಕೈತಿ, ಮೊಣಕಾಲ ಹಿಂಬದಿಂದ ಒರಸ್ರಿ” ಎಂದಳು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಬೇನೆಯ ಕಾಲು ಮುಂದೆ. ಇದನ್ನು ಅವ್ವ ತಾನೇ, “ಏರೂದಕ್ಕ ಮಗಳು, ಇಳಿಯೂದಕ್ಕ ಸೊಸಿ” ಎಂದು ಕಟ್ಟಿಕೊಂಡಳು. (ನನ್ನ ಹೆಂಡತಿ ಅಲ್ಲಿಯೇ ನಿಂತಿದ್ದಳು, ಆ ಮಾತನ್ನು ಇಲ್ಲಿಗೆ ಬಿಡುತ್ತೇನೆ.) ಮೂರು ತಿಂಗಳಿಗೆ ಆ ಸಂದು ಎರಡು ಬೆರಳಿನಷ್ಟಾಯಿತು. ಪೂರ್ತಿ ಮುಚ್ಚಲಿಲ್ಲ. ಅವ್ವ ನಡೆಯುತ್ತಾಳೆ, ನೋವಿಲ್ಲದೆ ನಡೆಯುತ್ತಾಳೆ. ಆದರೆ ದೂರದಿಂದ ನೋಡಿದರೆ ಬಲಗಾಲು ತುಸು ತಗ್ಗಿದಂತೆ ಕಾಣುತ್ತದೆ. ಅದು ನನ್ನ ದಿಂಬಿನ ಗುರುತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಆನ್‌ಲೈನ್ ಶಿಕ್ಷಣವೆಂಬ ಹೆಸರಿನಲ್ಲಿ ಈಗ ರೋಗಿಗಳಿಗೆ ಸಿಗುತ್ತಿರುವುದು ಬಹುಪಾಲು ಕಳಿಸಿದ ಮಾತು. ಬೇಕಾಗಿರುವುದು ಆಡಿದ ಮಾತು. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂದು ಕಳಿಸಿದವನಿಗೆ ಗೊತ್ತಾಗುವುದಿಲ್ಲ. ಆಡಿದ ಮಾತಿಗೆ ಎದುರು ಮುಖವಿರುತ್ತದೆ. ಇದು ಕೇವಲ ಒಬ್ಬ ಮಗನ ಪಶ್ಚಾತ್ತಾಪದಿಂದ ಹುಟ್ಟಿದ ಸಿದ್ಧಾಂತವೆಂದು ವಾಚಕರು ತಿಳಿಯಬಾರದು. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವ ತಿಳಿವಳಿಕೆಯನ್ನು ಕುರಿತ 18 ಪ್ರಯೋಗಗಳನ್ನು 2014ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆ ಒಟ್ಟಿಗೆ ಪರಿಶೀಲಿಸಿತು. ಎಂದಿನ ಆರೈಕೆಗಿಂತ ಅದರಿಂದ ನೋವಾಗಲಿ ಆತಂಕವಾಗಲಿ ವಿಶೇಷವಾಗಿ ಕಡಿಮೆಯಾಗುವುದೆಂದು ಖಚಿತವಾಗಿ ಹೇಳಲಾಗಲಿಲ್ಲ. ಅದೇ, ಕೆನಡಾದಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ 205 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕಿತ್ಸಕರು ಮನೆಗೆ ಬಂದು ವ್ಯಾಯಾಮ ಮಾಡಿಸಿದವರಿಗೂ ದೂರದಿಂದ ಪರದೆಯ ಮೇಲೆ ನೋಡುತ್ತ ಮಾಡಿಸಿದವರಿಗೂ ಗುಣದಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ಮೊದಲೇ ಒಂದು ಸಲ ಹೇಳಿ ಕೈತೊಳೆದುಕೊಳ್ಳುವುದಕ್ಕೂ, ಆಮೇಲೆ ದಿನವೂ ನೋಡುವುದಕ್ಕೂ ಇರುವ ಅಂತರವನ್ನು ಈ ಎರಡೂ ಸೇರಿ ತೋರಿಸುತ್ತವೆಂದು ನಾನು ಓದಿಕೊಂಡಿದ್ದೇನೆ.

ಪರದೆಯ ಮೇಲಿನ ವೈದ್ಯಕ್ಕೆ ನಮ್ಮ ನಾಡು ಹೊಸದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಇಸ್ರೋದ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. 2020ರ ಮಾರ್ಚಿನಲ್ಲಿ, ಮಹಾಮಾರಿಯ ದಿನಗಳಲ್ಲಿ, ದೂರದಿಂದ ಚಿಕಿತ್ಸೆ ಹೇಳುವುದಕ್ಕೆ ದೇಶವ್ಯಾಪಿ ನಿಯಮಗಳು ಬಂದವು. ಮರು ತಿಂಗಳಲ್ಲಿಯೇ ‘ಇ-ಸಂಜೀವನಿ’ಯ ಮೂಲಕ ಮನೆಯಲ್ಲಿದ್ದವರೂ ವೈದ್ಯರನ್ನು ಕೇಳುವ ಅನುಕೂಲವಾಯಿತು. ನನಗೆ ಹೆಚ್ಚು ಮನಸ್ಸಿಗೆ ಬಂದದ್ದು ಬೇರೊಂದು ಉದಾಹರಣೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತರಗತಿಯ ಕೆಲಸಕ್ಕಾಗಿ ನಾರಾಯಣ ಹೃದಯಾಲಯಕ್ಕೆ ಬಂದು, ಹೃದಯದ ಶಸ್ತ್ರಚಿಕಿತ್ಸೆಯಾದವರ ಬಂಧುಗಳು ಮೊಗಸಾಲೆಗಳಲ್ಲಿ ಏನೂ ತೋಚದೆ ಕುಳಿತಿರುವುದನ್ನು ಕಂಡರು. ಆ ಕುಳಿತವರಿಗೇ ಆರೈಕೆಯನ್ನು ಕಲಿಸಬೇಕೆಂಬ ಯೋಚನೆ ಮುಂದೆ ‘ನೂರಾ ಹೆಲ್ತ್’ ಎಂಬ ಸಂಸ್ಥೆಯಾಯಿತು. ಮನೆಗೆ ಹೋದ ಮೇಲೂ ಮೊಬೈಲಿನಲ್ಲಿ ಅವರ ಪ್ರಶ್ನೆಗಳಿಗೆ ಉತ್ತರ ಹೇಳುವ ಏರ್ಪಾಡೂ ಬೆಳೆಯಿತು. ರೋಗಿಗೆ ಅಲ್ಲ, ದಿಂಬು ಇಡುವ ಮಗನಿಗೆ ಪಾಠ! ಇದು ಹೃದಯಕ್ಕೆ ಸಲ್ಲುವುದಾದರೆ ಮೊಣಕಾಲಿಗೇಕೆ ಸಲ್ಲಬಾರದು?

ಮೊಬೈಲು ಮನೆಗೆ ಬಂದಿದೆಯೆಂದ ಮಾತ್ರಕ್ಕೆ ರೋಗಿಯ ಕೈಗೆ ಬಂದಿದೆ ಎಂದಲ್ಲ. ಆಲಮಟ್ಟಿಯ ಹಿನ್ನೀರಿನಿಂದಾಗಿ ಊರು ಬಿಟ್ಟು ಬಂದವರ ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ, ನನ್ನ ಸಹೋದ್ಯೋಗಿಯೊಬ್ಬರ ಸಂಬಂಧಿಕ ಹಿರಿಯರನ್ನು ನೋಡಲು ಹೋಗಿದ್ದೆ. ಅವರಿಗೆ ಟೊಂಕದ ಕೀಲಿನ ಶಸ್ತ್ರಚಿಕಿತ್ಸೆಯಾಗಿತ್ತು. ವಿಡಿಯೋಗಳು ಮೊಮ್ಮಗನ ಮೊಬೈಲಿನಲ್ಲಿದ್ದವು, ಮೊಮ್ಮಗ ಮುಧೋಳದ ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿದ್ದ. ಹಿರಿಯರು ನೆಲಕ್ಕೆ ಹಾಕಿದ ಮಣೆಯ ಮೇಲೆ ಕುಳಿತು, ಕಾಲು ಮಡಿಸಿ ಊಟ ಮಾಡುತ್ತಿದ್ದರು. ಟೊಂಕವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಾಗಿಸಬಾರದೆಂದು ಅವರಿಗೆ ಹೇಳಿದ್ದರಂತೆ. “ಡಿಗ್ರಿ ಅಂದ್ರ ನೀವು ಮಾಡಿದ್ದಲ್ಲೇನ್ರಿ ಸರ?” ಎಂದು ಅವರು ನನ್ನನ್ನೇ ಕೇಳಿದರು. ಕುಳಿತಾಗ ಮೊಣಕಾಲು ಟೊಂಕಕ್ಕಿಂತ ಮೇಲೆ ಬರಬಾರದು, ಎತ್ತರದ ಕುರ್ಚಿಯೇ ಆಗಬೇಕು, ಕಾಲ ಮೇಲೆ ಕಾಲು ಹಾಕಬಾರದು, ಬಿದ್ದ ಚಪ್ಪಲಿಯನ್ನು ಬಗ್ಗಿ ಎತ್ತಬಾರದು, ಇಲ್ಲವಾದರೆ ಗುಂಡು ಬಟ್ಟಲಿನಿಂದ ಜಾರಬಹುದು: ಹೀಗೆ ಹೇಳಿದರೆ ತಿಳಿಯದ ರೈತನಿದ್ದಾನೆಯೇ? ಗುಂಡು ಜಾರಿರಲಿಲ್ಲವೆಂಬುದು ದೈವದ ದಯೆ.

ಕೋನಮಾನವನ್ನು ಮಣೆಗೂ ಕುರ್ಚಿಗೂ ತಿರುಗಿಸುವ ಈ ಕೆಲಸ ವೈದ್ಯರದಲ್ಲ, ನಮ್ಮದು. ‘ನಮ್ಮದು’ ಎಂದರೆ ಕನ್ನಡವನ್ನು ಹೊಟ್ಟೆಪಾಡಿಗೆ ಹಿಡಿದವರದು. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಚಾಲುಕ್ಯರ ರಾಜಪುತ್ರನಾದ ಕೀರ್ತಿವರ್ಮ ದನಗಳ ಬೇನೆಗೆ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಗಳ ಚಿಕಿತ್ಸೆಗಾಗಿ ‘ಖಗೇಂದ್ರಮಣಿದರ್ಪಣ’ವನ್ನೇ ಹೊಸೆದ. ಹೊಸಕಾಲದಲ್ಲಿ ಡಾ. ಡಿ. ಎಸ್. ಶಿವಪ್ಪ, ಅನುಪಮಾ ನಿರಂಜನ, ಕಲಬುರಗಿಯ ಪಿ. ಎಸ್. ಶಂಕರ್ ಮೊದಲಾದ ವೈದ್ಯರೇ ಲೇಖನಿ ಹಿಡಿದರು. ಭಾಷಾವಿಭಾಗದ ನಾವು ಆ ಪುಸ್ತಕಗಳ ಹೆಸರುಗಳನ್ನು ಪರೀಕ್ಷೆಯ ಟಿಪ್ಪಣಿಗೆ ಬರೆಸಿದೆವು, ಅಷ್ಟೆ. ಎತ್ತಿನ ಕಾಲಿಗೆ ಕನ್ನಡದಲ್ಲಿ ಶಾಸ್ತ್ರವಿದ್ದ ನಾಡಿನಲ್ಲಿ ಹೆತ್ತವಳ ಕಾಲಿಗೆ ನಾಲ್ಕು ನೆಟ್ಟಗಿನ ವಾಕ್ಯಗಳಿಲ್ಲವೆಂದರೆ, ಆ ತಪ್ಪನ್ನು ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಾಡಬೇಕಾದುದು ಕಷ್ಟದ್ದೂ ಅಲ್ಲ. ಕೀಲು ಕೂಡಿಸುವ ಪ್ರತಿಯೊಂದು ಆಸ್ಪತ್ರೆಯೂ ರೋಗಿಯನ್ನು ಕಳಿಸುವ ಮುನ್ನ, ಮನೆಯಲ್ಲಿ ನಿಜವಾಗಿ ಆರೈಕೆ ಮಾಡುವವರು ಯಾರೆಂದು ಕೇಳಿ ಅವರ ಕೈಯಿಂದಲೇ ಒಂದು ಸಲ ಎಲ್ಲವನ್ನೂ ಮಾಡಿಸಿ ನೋಡಲಿ. ಬಿಲ್ಲು ಕಟ್ಟಿದವರಿಗೆ ವಿಡಿಯೋ ಕಳಿಸಿ ಪ್ರಯೋಜನವಿಲ್ಲ. ಆರು ವಾರ ವಾರಕ್ಕೆರಡು ಸಲ ಪರದೆಯ ಮೇಲೆ ಕಾಲನ್ನು ನೋಡುವ ಒಬ್ಬರನ್ನು ನೇಮಿಸಲಿ. ಅದರ ವೆಚ್ಚವನ್ನು ಕೀಲಿನ ಬೆಲೆಯಂತೆಯೇ ಬಿಲ್ಲಿನಲ್ಲಿ ತೋರಿಸಲಿ, ಕೊಡಲು ನಾವು ಸಿದ್ಧರಿದ್ದೇವೆ. ಹೇಳುವ ಮಾತುಗಳನ್ನು ಆಯಾ ಸೀಮೆಯ ನುಡಿಯಲ್ಲಿ, ಆಯಾ ಸೀಮೆಯ ಹೆಂಗಸರ ದನಿಯಲ್ಲಿಯೇ ಮುದ್ರಿಸಲಿ. ಅದಕ್ಕೆ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಪುಕ್ಕಟೆ ಕೆಲಸ ಮಾಡಬಲ್ಲವು. ನಮ್ಮ ವಿದ್ಯಾರ್ಥಿನಿಯರಲ್ಲಿ ನೇಕಾರರ ಮನೆಯವರು, ಕಬ್ಬಿನ ಹೊಲದವರು ಸಾಕಷ್ಟು ಜನರಿದ್ದಾರೆ. ವೈದ್ಯರು ಓದಿ ತಿದ್ದಿಕೊಟ್ಟರೆ ಸಾಕು.

ಒಂದು ಎಚ್ಚರ ಮಾತ್ರ ಬೇಕು. ಪರದೆ ಎಲ್ಲಕ್ಕೂ ಮದ್ದಲ್ಲ. ಗಾಯದಿಂದ ನೀರು ಕೀವು ಒಸರಿದರೆ, ಜ್ವರ ಬಂದರೆ, ಮೀನಖಂಡ ಊದಿ ಕಲ್ಲಿನಂತಾಗಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಮ್ಮೆಲೆ ಉಸಿರು ಕಟ್ಟಿದರೆ, ಎದೆ ನೋಯ್ದರೆ ಆಂಬ್ಯುಲೆನ್ಸ್ ಕರೆಯಬೇಕು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಏರಿರಬಹುದು. ಇದನ್ನು ತಿಳಿಸದ ಯಾವ ಪಾಠವೂ ಪಾಠವಲ್ಲ, ಅದು ಎಷ್ಟೇ ಜವಾರಿ ಕನ್ನಡದಲ್ಲಿರಲಿ.

ಅವ್ವನಿಗೆ ಈಗ ಒಂದು ಹೊಸ ಉದ್ಯೋಗ ಹತ್ತಿದೆ. ಧಾರವಾಡದ ಆ ಹುಡುಗಿ, ಮುಧೋಳದ ಒಬ್ಬ ಹೆಣ್ಣುಮಗಳಿಗೆ ಶಸ್ತ್ರಚಿಕಿತ್ಸೆಯ ಅಂಜಿಕೆಯಿದೆಯೆಂದು ಅವ್ವನ ನಂಬರು ಕೊಟ್ಟಳು. ಆಕೆಯಿಂದ ಆಕೆಯ ನೆಗೆಣ್ಣಿಗೆ, ಅಲ್ಲಿಂದ ಜಮಖಂಡಿಯ ಇನ್ನಾರಿಗೋ ಆ ನಂಬರು ಹೋಗಿದೆ. ಮಧ್ಯಾಹ್ನ ಊಟವಾದ ಮೇಲೆ ಎತ್ತರದ ಕುರ್ಚಿಯ ಮೇಲೆ ಕುಳಿತು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಪಾದದಿಂದ ಇಲ್ಲದ ಮಗ್ಗವನ್ನು ತುಳಿಯುತ್ತ ಅವಳು ಮಾತಾಡುತ್ತಾಳೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಹೇಗೆ, ಪೂಜೆಗೆ ಮಣೆಯ ಬದಲು ಏನು, ಕಾಡಸಿದ್ಧೇಶ್ವರನ ಜಾತ್ರೆಗೆ ನಡೆದೇ ಹೋಗಬಹುದೇ, ಇಂಥ ಯಾವ ಕಾಗದದಲ್ಲಿಯೂ ಇಲ್ಲದ ಪ್ರಶ್ನೆಗಳು. ಮೊನ್ನೆ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅವಳ ದನಿ ಕೇಳಿಸಿತು:

“ಎಲ್ಲಾ ಬಿಡವಾ, ಒಂದು ಮಾತು ನೆನಪಿಟಗೋ. ರಾತ್ರಿ ಎಷ್ಟ ನೋವಾದ್ರೂ ಮೊಣಕಾಲ ಬುಡಕ ತಲೆದಿಂಬು ಇಡಗೊಡಬ್ಯಾಡ. ಶಾಣ್ಯಾರು ಬಂದು ಇಟ್ಟರೂ ತಗದು ಒಗೀ. ನನಗ ಇಟ್ಟಾಂವ ಎಂ.ಎ. ಕಲ್ತಾನ.”